ಹನ್ನೊಂದು ಗಂಟೆಯ ನೀರು

"ಮುಚ್ಚು ಬಾಯಿ! ನೀರು ಚೆನ್ನಾಗಿದೆಯಂತೆ! ಹಾಗಾದ್ರೆ ಮೀನೆಲ್ಲ ಬೇಜಾರಾಗಿ ಸತ್ತವೇನೋ?"

ವರದಿಯನ್ನು ಮೇಜಿಗೆ ಬಡಿದವನು ಮೀನುಗಾರರ ಸಂಘದ ಅಧ್ಯಕ್ಷ, ಊರಿಗೆಲ್ಲ 'ಮೀಸೆ'. ಬೈಸಿಕೊಂಡವನು ಅವನ ಹೆಂಡತಿಯ ತಮ್ಮ, ಮೀನುಗಾರಿಕೆ ಕಚೇರಿಯಲ್ಲಿ ನೀರಿನ ಗುಣ ಅಳೆಯುವವನು. ಮೇಜಿನಾಚೆ ಗುಂಡುಪಿನ್ನಿನಿಂದ ಹಲ್ಲು ಕೆದಕುತ್ತ ಕೂತವರು ಆ ಕಚೇರಿಯ ಸಾಹೇಬರು.

"ಮೆಲ್ಲಗೆ ಭಾವ. ಮೀಟರು ತೋರಿಸಿದ್ದನ್ನೇ ಬರೆದಿದ್ದೀನಿ."

"ಎಷ್ಟು ಹೊತ್ತಿಗೆ ತೋರಿಸ್ತು?"

"ಹನ್ನೊಂದಕ್ಕೆ."

"ಕೇಳಿದ್ರಾ ಸಾಹೇಬ್ರೇ! ಮೀನು ಸಾಯೋದು ಬೆಳಗಿನ ಜಾವ. ಇವರ ಸವಾರಿ ಹೊರಡೋದು ಹನ್ನೊಂದಕ್ಕೆ, ತಿಂಡಿ ತಿಂದು, ತಲೆ ಬಾಚಿಕೊಂಡು!"

ಸಂಘ ಗುತ್ತಿಗೆಗೆ ಹಿಡಿದಿದ್ದ ಕೆರೆ, ಊರಿನ ಚರಂಡಿಯೆಲ್ಲ ಬಂದು ಬಿದ್ದು, ಪಾಚಿಗಟ್ಟಿ ಹಸಿರು ಬಣ್ಣದ ಡಬ್ಬಿಯಾಗಿತ್ತು. ಆ ಪಾಚಿ ಹಗಲು ಬಿಸಿಲಿಗೆ ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಹೀರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಹನ್ನೊಂದಕ್ಕೆ ಹೋಗಿ ನೋಡಿದರೆ ಅಷ್ಟು ಆರೋಗ್ಯವಂತ ನೀರು ಭೂಮಿಯ ಮೇಲೆಯೇ ಇಲ್ಲ. ಅಳೆಯುವವನಿಗೆ ಇದು ಗೊತ್ತಿಲ್ಲವೆ? ಕಳೆದ ವಾರ ಅಕ್ಕನ ಕಾಟ ತಡೆಯಲಾರದೆ ಒಮ್ಮೆ ಐದು ಗಂಟೆಗೇ ಹೋಗಿ ಮೀಟರು ಇಳಿಸಿದ್ದ. ಆಮ್ಲಜನಕದ ಅಂಕಿ ಸೊನ್ನೆಯ ಮಗ್ಗುಲಿಗೆ ಬಿದ್ದಿತ್ತು. ಎಲ್ಲೂ ಬರೆಯಲಿಲ್ಲ. ಅದು ಕಚೇರಿಯ ವೇಳೆಯಲ್ಲವಲ್ಲ! ಮಹಾಶಯ ಮನೆಗೆ ಬಂದು ಮುಸುಕೆಳೆದು ಮಲಗಿದ.

ಸಾಹೇಬರು ಪಿನ್ನು ಕೆಳಗಿಟ್ಟರು. "ನೋಡಪ್ಪ ಅಧ್ಯಕ್ಷ, ನೀವೇ ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಾಚಿದ್ದಕ್ಕೆ ಮೀನು ಹೋಯ್ತು ಅಂತ ಒಂದು ಸಹಿ ಹಾಕು. ಇನ್ನೂ ಮೂರು ವರ್ಷ ಕೆರೆಯ ಗುತ್ತಿಗೆ ನಿಮ್ಮದೇ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ."

ನಲವತ್ತು ಮನೆಗಳ ಒಲೆ ಉರಿಯುವುದು ಆ ಕೆರೆಯಿಂದ. ಮೀಸೆ ಪೆನ್ನು ಎತ್ತಿಕೊಂಡ. ಅಳೆಯುವವನಿಗೆ ಹೋದ ಜೀವ ಬಂದಂತಾಯಿತು. ಆದರೆ ಮೀಸೆಯ ಕಣ್ಣು ಮೂಲೆಯ ಗಾಜಿನ ತೊಟ್ಟಿಯ ಮೇಲಿತ್ತು. ಬಣ್ಣದ ಮೀನುಗಳ ನಡುವೆ ಗಾಳಿಯ ಪಂಪು ಗುಳುಗುಳು ಎನ್ನುತ್ತಿತ್ತು.

"ಆ ಪಂಪನ್ನ ರಾತ್ರಿ ನಿಲ್ಲಿಸ್ತೀರಾ ಸಾಹೇಬ್ರೇ?"

"ಛೆ! ಬೆಳಗ್ಗೆ ಒಂದೂ ಉಳಿಯಲ್ಲ."

"ನಿಮ್ಮವು ಸತ್ರೆ ಗಾಳಿಯಿಲ್ದೆ, ನಮ್ಮವು ಸತ್ರೆ ಬಲೆಯಿಂದ!" ಮೀಸೆ ಭಾವಮೈದನ ಕಡೆ ತಿರುಗಿದ. "ಐದು ಗಂಟೆಗೆ ಹೋಗಿದ್ಯಂತಲ್ಲ, ನಿಮ್ಮಕ್ಕ ಹೇಳಿದ್ಲು. ಹೇಳು, ಎಷ್ಟಿತ್ತು?"

ಸಾಹೇಬರು ಹುಬ್ಬೇರಿಸಿದರು. ಅಳೆಯುವವನು ಮೇಜಿನ ಮೇಲಿದ್ದ ಫೈಲುಗಳ ಅಂಚು ಸರಿಮಾಡತೊಡಗಿದ.

"ಅದು... ಲೆಕ್ಕಕ್ಕೆ ಬರಲ್ಲ ಭಾವ."

"ಥೂ! ಸತ್ತ ಮೀನಿಗೂ ಬೆನ್ನುಮೂಳೆ ಇರುತ್ತಲ್ಲೋ!"

ಮೀಸೆ ಪೆನ್ನು ಎಸೆದು ನಡೆದುಬಿಟ್ಟ.

"ಬರ್ತಾನೆ ಬಿಡು, ಎಲ್ಲಿಗೆ ಹೋಗ್ತಾನೆ," ಎಂದರು ಸಾಹೇಬರು.

ಅಳೆಯುವವನು ಮೂರು ಸಲ ಬಾಗಿಲ ತನಕ ಹೋಗಿ ಇಣುಕಿದ. ಐದೂವರೆಗೆ ಜವಾನ ಕಿಟಕಿಗಳನ್ನು ಮುಚ್ಚಿದ. ಭಾವ ಬರಲಿಲ್ಲ. ಮರುದಿನವೂ ಬರಲಿಲ್ಲ.