ಅಡಿಗೆಕಟ್ಟೆಯ ಎತ್ತರ

ಸಮತಾ ತೀರಿಕೊಂಡ ಗಳಿಗೆಯ ನಕ್ಷತ್ರ ಸರಿಯಿಲ್ಲ ಎಂದು ಪುರೋಹಿತರು ಹೇಳಿದರು. ಮೂರು ತಿಂಗಳು ಮನೆ ಬಿಡಬೇಕು, ಅಲ್ಲಿಯವರೆಗೆ ಮನೆಯವರು ಯಾರೂ ಒಳಗೆ ಕಾಲಿಡಬಾರದು. ಅವಳ ಗಂಡ ಪ್ರಕಾಶ್ ‘ಆಯ್ತು’ ಎಂದ. ಕಾರ್ಯಗಳೆಲ್ಲ ಮುಗಿದ ಸಂಜೆ ಶಿವಮೊಗ್ಗದ ನವುಲೆಯಲ್ಲಿದ್ದ ಮನೆಯ ಮುಂಬಾಗಿಲಿಗೆ ಬೀಗ ಜಡಿದು, ಅಡ್ಡಲಾಗಿ ಒಂದು ಮುಳ್ಳಿನ ಕೊಂಬೆ ಸಿಕ್ಕಿಸಿ, ಬಟ್ಟೆಬರೆ ತುಂಬಿದ ಬ್ಯಾಗು ಹಿಡಿದು ಭದ್ರಾವತಿಯ ಅಕ್ಕ ಈಶ್ವರಮ್ಮನ ಮನೆಗೆ ಹೋದ. ಮಗಳು ಸ್ಫೂರ್ತಿ ಓದಿಗೆಂದು ಶಂಕರಘಟ್ಟದ ಹಾಸ್ಟೆಲ್ಲಿಗೆ ವಾಪಸಾದಳು.

ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಪ್ರಕಾಶ್ ಸೂಪರ್‌ವೈಸರ್. ಶಿವಮೊಗ್ಗದ ಕಡೆಯಿಂದ ಹೋಗುತ್ತಿದ್ದವನು ಈಗ ಭದ್ರಾವತಿಯ ಕಡೆಯಿಂದ ಹೋಗತೊಡಗಿದ. ಬಸ್ಸು ಬರುವ ದಿಕ್ಕು ಬಿಟ್ಟರೆ ಬದುಕಿನಲ್ಲಿ ಬೇರೇನೂ ಬದಲಾಗಿಲ್ಲವೇನೋ ಎಂಬಂತೆ ಇದ್ದ. ಒಂದು ದಿನ ಈಶ್ವರಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ತುಟಿಪಿಟಿಕ್ಕೆನ್ನದೆ ಎರಡು ಸಲ ಬಡಿಸಿಕೊಂಡು ಉಂಡು ಎದ್ದ. ಆಮೇಲೆ ತಾನು ಉಣ್ಣಲು ಕೂತು ಬಾಯಿಗಿಟ್ಟಾಗಲೇ ಅಕ್ಕನಿಗೆ ಅದು ಗೊತ್ತಾದದ್ದು.

ಖಾಲಿ ಮನೆ ಕಂಡರೆ ನೆರೆಹೊರೆಯವರ ಕೈ ತುರಿಸುತ್ತದೆ. ನವುಲೆಯ ಆ ಬೀದಿಯವರಿಗೆ ವಾಟ್ಸಾಪಿನಲ್ಲಿ ಒಂದು ಗುಂಪಿತ್ತು. ಅದರ ಯಜಮಾನಿಕೆ ಶಿವಶಂಕರಪ್ಪನವರದು. ತಮಗೊಂದು ಮನೆ ಕಟ್ಟಿಸಿ, ಮಕ್ಕಳಿಗೂ ಕಟ್ಟಿಸಿಕೊಟ್ಟು, ಇನ್ನು ಕಟ್ಟಿಸಲು ಏನೂ ಉಳಿಯದೆ ಚಡಪಡಿಸುತ್ತಿದ್ದ ಮನುಷ್ಯ ಅವರು.

“ಪ್ರಕಾಶ್, ಹೆಂಗೂ ಮನೆ ಖಾಲಿ ಇದೆ,” ಎಂದು ಅವರ ಧ್ವನಿ ಸಂದೇಶ ಬಂತು. “ಇಂಥ ಚಾನ್ಸ್ ಮತ್ತೆ ಸಿಗಲ್ಲ ಮಾರಾಯ. ಧೂಳು ಕುಡಿಯೋದು, ಸಾಮಾನು ಎತ್ತಿಡೋದು, ಯಾವ ರಗಳೆನೂ ಇಲ್ಲ. ತಾರಸಿ, ಬಾತ್‌ರೂಮು, ಅಡಿಗೆಮನೆ, ಎಲ್ಲಾ ಒಂದೇ ಏಟಿಗೆ ಮುಗಿಸ್ಬಿಡು. ಪುರೋಹಿತರನ್ನೂ ಕೇಳಿದೀನಿ. ಮನೆಯವ್ರು ಹೋಗ್ಬಾರ್ದು, ಕೆಲಸದವ್ರು ಹೋಗ್ಬೋದಂತೆ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಪಾಪ. ಹೆಂಡತಿ ಸತ್ತವನಿಗೆ ಏನು ಹೇಳಬೇಕೆಂದು ತೋಚದಿರುವಾಗ ಸಿಮೆಂಟಿನ ವಿಷಯ ಹೇಳುವುದು ಸುಲಭ. ಪ್ರಕಾಶ್ ‘ಆಯ್ತು’ ಎಂದು ಉತ್ತರ ಹಾಕಿದ.

ಅಷ್ಟೇ ಸಾಕಾಯಿತು. ಸೋರುವ ತಾರಸಿಗೆ ಪೇಂಟು ಹೊಡೆಸಿ ಎಂದರು ಒಬ್ಬರು. ಪೇಂಟು ಎರಡು ಮಳೆಗಾಲಕ್ಕೆ ಎದ್ದುಬರುತ್ತದೆ, ಮೇಲೊಂದು ಶೀಟು ಹಾಕಿಸಿ ಎಂದರು ಇನ್ನೊಬ್ಬರು. ಶೀಟು ಹಾಕಿಸಿದ್ದವರು ಅದರ ಮೇಲೆ ಮಂಗಗಳು ಕುಣಿಯುವ ಕಥೆಯನ್ನು ಉದ್ದಕ್ಕೆ ಹೇಳಿದರು. ಬಾತ್‌ರೂಮಿಗೆ ಹೊಳೆಯುವ ಟೈಲ್ಸೋ ಜಾರದ ಟೈಲ್ಸೋ ಎಂಬ ವಾದದಲ್ಲಿ ಇಬ್ಬರು ಮಾತು ಬಿಟ್ಟರು. ಪ್ರಕಾಶ್ ಎಲ್ಲರಿಗೂ ‘ಆಯ್ತು’ ಎಂದೇ ಬರೆಯುತ್ತಿದ್ದ. ಒಂದಕ್ಕೊಂದು ತಾಳಮೇಳವಿಲ್ಲದ ಸಲಹೆಗಳಿಗೂ ಅದೇ ‘ಆಯ್ತು’. ಕೊನೆಗೆ ಯಾವ ‘ಆಯ್ತು’ ನಿಜವೆಂದು ಶಿವಶಂಕರಪ್ಪನವರೇ ತೀರ್ಮಾನಿಸಿ, ಮೇಸ್ತ್ರಿ ಜಾಕಿರ್‌ನನ್ನು ಗೊತ್ತುಮಾಡಿ, ಪ್ರಕಾಶ್ ತಮ್ಮಲ್ಲಿ ಬಿಟ್ಟುಹೋಗಿದ್ದ ಹಿಂಬಾಗಿಲ ಕೀಲಿಕೈ ಕೊಟ್ಟರು.

ಅಡಿಗೆಕಟ್ಟೆಯ ವಿಷಯದಲ್ಲಿ ಮಾತ್ರ ಇಡೀ ಬೀದಿಗೆ ಒಂದೇ ಅಭಿಪ್ರಾಯ. ಅದನ್ನು ಒಡೆಸಲೇಬೇಕು. ಸಮತಾ ಕುಳ್ಳಿ. ಮನೆ ಕಟ್ಟುವಾಗ ಅವಳೇ ಅಡಿಗೆಮನೆಯಲ್ಲಿ ನಿಂತು, ಸೌಟು ಆಡಿಸುವಂತೆ ಕೈ ಆಡಿಸಿ ತೋರಿಸಿ, ತನಗೆ ಬೇಕಾದಷ್ಟೇ ತಗ್ಗಿಗೆ ಕಟ್ಟೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಬಂದವರು ನೋಡಿ, ಇದೇನು ಮಕ್ಕಳಾಟದ ಅಡಿಗೆಮನೆಯೇ ಎಂದು ನಕ್ಕಿದ್ದರು. “ಅಡಿಗೆ ಮಾಡೋಳು ನಾನು. ಉದ್ದ ಇರೋರು ಕೂತ್ಕೊಂಡು ಉಣ್ಣಿ,” ಎಂದಿದ್ದಳು ಸಮತಾ.

“ಆಂಟಿಗೋಸ್ಕರ ಅಂತ ಆಗ ತಗ್ಗು ಮಾಡ್ಸಿದ್ರಿ,” ಎಂದು ಎದುರು ಮನೆಯ ನವೀನ್ ಗುಂಪಿನಲ್ಲಿ ಬರೆದ. “ಈಗ ಸ್ಟ್ಯಾಂಡರ್ಡ್ ಹೈಟ್ ಮಾಡ್ಸಿಬಿಡಿ ಅಂಕಲ್. ಗ್ರಾನೈಟ್ ಹಾಕ್ಸಿ. ನೋಡೋಕೂ ಚೆನ್ನಾಗಿರತ್ತೆ.”

ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಿದ್ದವು. ಪ್ರಕಾಶ್ ಆ ‘ಈಗ’ ಎಂಬ ಮಾತನ್ನು ಸ್ವಲ್ಪ ಹೊತ್ತು ನೋಡಿದ. ಎದೆಯಲ್ಲಿ ಏನಾದರೂ ಆಗುತ್ತದೆಯೋ ಎಂದು ಕಾದ. ಏನೂ ಆಗಲಿಲ್ಲ. ‘ಆಯ್ತು’ ಎಂದು ಬರೆದ.

ಶನಿವಾರ ಜಾಕಿರ್ ಫೋನ್ ಮಾಡಿದ. “ಸಾರ್, ನಾಳೆ ಕಿಚನ್ ಹಿಡೀತೀವಿ. ಕಟ್ಟೆ ಎಲ್ಲಾರ ಮನೇಲಿರೋ ಹಂಗೇ ಅಲ್ವಾ?”

“ಶಿವಶಂಕರಪ್ಪನೋರು ಹೇಳ್ದಂಗೆ ಮಾಡಿ.”

ಶುಕ್ರವಾರ ರಜೆ ಮಾಡುವ ಜಾಕಿರ್ ಭಾನುವಾರ ಕೆಲಸ ಮಾಡುತ್ತಿದ್ದ. ಭಾನುವಾರ ಬೆಳಿಗ್ಗೆಯೇ ಸ್ಫೂರ್ತಿಯ ಫೋನೂ ಬರುತ್ತಿತ್ತು. ತಿಂಡಿ ಆಯ್ತಾ, ಆಯ್ತು. ಓದ್ತಿದೀಯಾ, ಓದ್ತಿದೀನಿ. ಅಲ್ಲಿಗೆ ಅಪ್ಪ ಮಗಳ ಮಾತು ಮುಗಿಯುತ್ತಿತ್ತು. ಮಾತಾಡಿಸುತ್ತಿದ್ದವಳು ಸಮತಾ. ಇವರಿಬ್ಬರೂ ಅವಳ ಮೂಲಕವೇ ಮಾತಾಡಿ ರೂಢಿ. ಈ ಸಲ ಮೌನ ತುಂಬಲೆಂದು ಪ್ರಕಾಶ್ ಕೈಗೆ ಸಿಕ್ಕ ಸುದ್ದಿ ಹೇಳಿದ.

“ಇವತ್ತು ಅಡಿಗೆಕಟ್ಟೆ ಒಡೀತಿದಾರೆ.”

“ಯಾಕೆ?”

“ತಗ್ಗಾಯ್ತು ಅಂತ.”

“ಯಾರಿಗೆ ತಗ್ಗಾಯ್ತು?”

ಬೀದಿಗೆಲ್ಲ ತಗ್ಗಾಗಿತ್ತು. ಆದರೆ ಬೀದಿಯವರು ಯಾರೂ ಅಲ್ಲಿ ಅಡಿಗೆ ಮಾಡುವವರಲ್ಲ.

“ಅಪ್ಪ, ನಾನೂ ಅಮ್ಮನಷ್ಟೇ ಇದೀನಿ,” ಎಂದಳು ಸ್ಫೂರ್ತಿ. “ಮನೆಗೆ ಬಂದ್ಮೇಲೆ ಅಮ್ಮ ನಿಂತ್ಕೋತಿದ್ದ ಜಾಗದಲ್ಲಿ ನಿಂತ್ಕೊಂಡು ಒಂದು ಲೋಟ ಕಾಫಿ ಮಾಡ್ಬೇಕು ಅನ್ಕೊಂಡಿದ್ದೆ. ಇಲ್ಲಿ ಅದೊಂದೇ ಯೋಚನೆ ಮಾಡ್ತಾ ಮಲಗ್ತೀನಿ.” ಆಮೇಲೆ ಅವಳ ದನಿಯಿಂದ ಆ ಆಸೆಯೆಲ್ಲ ಇಳಿದುಹೋಯಿತು. “ಹೋಗ್ಲಿ. ಆಯ್ತು ಬಿಡಪ್ಪ.”

ಫೋನ್ ಇಟ್ಟಳು. ಪ್ರಕಾಶ್ ಕುಳಿತಲ್ಲೇ ಕುಳಿತ. ಆ ‘ಆಯ್ತು’ ಅವನದು. ಅಷ್ಟು ದಿನದಿಂದ ಎಲ್ಲರಿಗೂ ಹಂಚುತ್ತ ಬಂದದ್ದು ಮಗಳ ಬಾಯಿಂದ ಬಂದಾಗಲೇ ಅದು ಎಂಥ ಮಾತೆಂದು ಅವನಿಗೆ ಗೊತ್ತಾದದ್ದು. ಹೆದರಿಕೆಯಾಯಿತು. ಇವಳೂ ಉಪ್ಪಿಲ್ಲದ ಸಾರು ಉಂಡು ಏಳುವವಳಾದರೆ?

ಜಾಕಿರ್ ಫೋನ್ ಎತ್ತಲಿಲ್ಲ. ಶಿವಶಂಕರಪ್ಪನವರೂ ಎತ್ತಲಿಲ್ಲ. ಪ್ರಕಾಶ್ ಅಂಗಿ ಸಿಕ್ಕಿಸಿಕೊಂಡು ಹೊರಟ.

“ಇನ್ನೂ ಮೂರು ತಿಂಗಳು ತುಂಬಿಲ್ಲ ಕಣೋ,” ಎಂದು ಈಶ್ವರಮ್ಮ ಗೇಟಿನವರೆಗೆ ಓಡಿಬಂದಳು. “ಒಳಗೆ ಹೋಗ್ಬೇಡ. ಮಗಳೊಬ್ಳಿದಾಳೆ, ನೆನಪಿಟ್ಕೋ.”

“ಅವಳಿಗೋಸ್ಕರಾನೇ ಹೋಗ್ತಿರೋದು, ಅಕ್ಕ,” ಎಂದ ಅವನು. ಅಕ್ಕನಿಗೆ ಅರ್ಥವಾಗಲಿಲ್ಲ.

ನವುಲೆಯ ಮನೆಯ ಹಿತ್ತಲಿನಲ್ಲಿ ಶಿವಶಂಕರಪ್ಪನವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಉಸ್ತುವಾರಿ ನೋಡುತ್ತಿದ್ದರು. ಇವನನ್ನು ಕಂಡು ಗಡಬಡಿಸಿ ಎದ್ದರು. “ಏಯ್ ಪ್ರಕಾಶ್, ಅಲ್ಲೇ ನಿಲ್ಲು ಮಾರಾಯ! ನೀನು ಬರಂಗಿಲ್ಲ.”

ಅವನು ನಿಲ್ಲಲಿಲ್ಲ. ಹಿಂಬಾಗಿಲು ದಾಟಿದರೆ ನೇರ ಅಡಿಗೆಮನೆ. ಕಟ್ಟೆ ಇರಲಿಲ್ಲ. ಅದರ ಕಡಪಾ ಕಲ್ಲು ಮೂರು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಹೊಸ ಟೈಲ್ಸ್ ಹಾಕಲು ಗೋಡೆಯ ಗಾರೆಯನ್ನೂ ಕೆಳಗಿನಿಂದ ಮೇಲಿನವರೆಗೆ ಕೆತ್ತಿ ಹಾಕಿದ್ದರು. ಇಟ್ಟಿಗೆ ಮಾತ್ರ ಕಾಣುತ್ತಿತ್ತು.

“ಜಾಕಿರ್, ಮೊದ್ಲು ಎಷ್ಟಿತ್ತೋ ಅಷ್ಟೇ ಕಟ್ಟಿ.”

“ತಲೆ ಕೆಟ್ಟಿದ್ಯಾ?” ಶಿವಶಂಕರಪ್ಪ ಬಾಗಿಲಿಗೇ ಬಂದರು. “ಎಲ್ಲಾರೂ ಯೋಚನೆ ಮಾಡಿ ಹೇಳಿದ್ದು. ನೀನೂ ಒಪ್ಪಿದ್ದೆ.”

“ಒಪ್ಪಿದ್ದೆ. ಈಗ ಬೇಡ.”

ಎಷ್ಟೋ ದಿನಗಳ ಮೇಲೆ ಅವನು ಯಾರಿಗೋ ಬೇಡ ಎಂದಿದ್ದ. ಶಿವಶಂಕರಪ್ಪನವರು ಅವನ ಮುಖ ನೋಡಿ, ಹಿತ್ತಲಿನ ಕುರ್ಚಿಗೆ ವಾಪಸಾದರು.

ಜಾಕಿರ್ ತಲೆ ಕೆರೆದುಕೊಂಡ. “ಕಟ್ಟೋಣ ಸಾರ್, ಅದಕ್ಕೇನು. ಆದ್ರೆ ಎಷ್ಟಿತ್ತು? ಒಡೆಯೋದೇ ಅಲ್ವಾ ಅಂತ ನಾವು ಅಳತೆ ತಗೊಳ್ಲಿಲ್ಲ. ಗೋಡೆ ಮೇಲೂ ಗುರುತಿಲ್ಲ ನೋಡಿ.”

ಪ್ರಕಾಶ್‌ಗೂ ಗೊತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವನು ತನ್ನ ಮನೆಯ ಕಟ್ಟೆಗೆ ಎಂದೂ ಟೇಪು ಹಿಡಿದವನಲ್ಲ. ಕಲ್ಲುಚೂರು ತುಳಿಯುತ್ತ ಒಲೆ ಇದ್ದ ಕಡೆಗೆ ನಡೆದ. ದಿನಾ ಬೆಳಿಗ್ಗೆ ಅವಳ ಪಕ್ಕದಲ್ಲಿ ಇಲ್ಲೇ ನಿಂತು ಕಾಫಿಗೆ ಕಾಯುತ್ತಿದ್ದ. ಕಟ್ಟೆಯ ಅಂಚು ತೊಡೆಗೆ ಒತ್ತುತ್ತಿತ್ತು. “ಅಡ್ಡ ನಿಲ್ಬೇಡಿ ಮಾರಾಯ್ರೇ,” ಎಂದು ಅವಳು ಮೊಣಕೈಯಿಂದ ತಿವಿಯುತ್ತಿದ್ದಳು. ಹಾಲು ಉಕ್ಕುವವರೆಗೂ ಅವನು ಕದಲುತ್ತಿರಲಿಲ್ಲ. ಅವನ ಕೈ ತಾನಾಗಿ ತೊಡೆಯ ಮೇಲೆ ಆ ಜಾಗಕ್ಕೆ ಹೋಯಿತು.

“ಇಲ್ಲಿ,” ಎಂದ. “ಇಲ್ಲಿಗೆ ತಾಗ್ತಿತ್ತು.”

ಜಾಕಿರ್ ಟೇಪು ಎಳೆದುಕೊಂಡು ಅವನ ಕಾಲ ಬಳಿ ಕುಕ್ಕರಗಾಲಲ್ಲಿ ಕುಳಿತ. “ಚಪ್ಪಲಿ ಬಿಡಿ ಸಾರ್. ಅಳತೆ ತಪ್ಪತ್ತೆ.”

ಪ್ರಕಾಶ್ ಚಪ್ಪಲಿ ಕಳಚಿದ. ಅಂಗಾಲಿಗೆ ತನ್ನ ಮನೆಯ ನೆಲ ತಣ್ಣಗೆ ತಾಗಿತು. ಆಗ ಅವನಿಗೆ ಅಳು ಬಂತು. ಬೆರಳನ್ನು ಆ ಜಾಗದಿಂದ ತೆಗೆಯದೆ, ಬಾಯಿ ಬಿಟ್ಟು, ದನಿ ತೆಗೆದು ಅತ್ತ.

ಟೇಪಿನ ತುದಿ ಹಿಡಿದಿದ್ದ ಜಾಕಿರ್ ಮೇಲೆ ನೋಡಲಿಲ್ಲ. “ಪರವಾಗಿಲ್ಲ ಸಾರ್,” ಎಂದ. “ನಿಧಾನಕ್ಕೆ ಅಳೆಯೋಣ.”