ಮೂರನೆಯ ಕೊಳವೆ

ಆ ಮನೆಯ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ಚೌಕಟ್ಟಿಗೆ ಅಕ್ಕ ರಬ್ಬರಿನ ಪಟ್ಟಿ ಅಂಟಿಸಿದ್ದಳು. ಕುರ್ಚಿಗಳ ಕಾಲಿಗೆ ಹಳೆಯ ಕಾಲುಚೀಲ ತೊಡಿಸಿದ್ದಳು. ಸ್ಟೀಲಿನ ಸೌಟುಗಳನ್ನೆಲ್ಲ ಅಟ್ಟಕ್ಕೆ ಹಾಕಿ ಮರದವನ್ನು ತಂದಿಟ್ಟುಕೊಂಡಿದ್ದಳು. ಕೆಳಮನೆಯ ಅಜ್ಜಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು: “ಸಂಸಾರ ಅಂದ್ರೆ ಅದು ನೋಡಿ. ತಲೆ ಮೇಲೆ ಜನ ಇದಾರೆ ಅನ್ನೋದೇ ಗೊತ್ತಾಗಲ್ಲ.”

ಭಾವ ಡ್ರಿಲ್ ಮೇಷ್ಟ್ರು. ಬೆನ್ನ ಹಿಂದೆ ಊರು ಅವನನ್ನು ಪೀಪಿ ಮೇಷ್ಟ್ರು ಎನ್ನುತ್ತಿತ್ತು. ಹಗಲೆಲ್ಲ ಬಿಸಿಲಿನಲ್ಲಿ ಮಕ್ಕಳ ಸಾಲುಗಳ ಮೇಲೆ ಪೀಪಿ ಊದಿ, ಕೊರಳಿನ ದಾರವನ್ನು ಕಳಚದೆಯೇ ಮನೆಗೆ ಬರುತ್ತಿದ್ದ. ಬಂದವನಿಗೆ ಚಮಚವೊಂದು ಕಣಕ್ ಎಂದರೂ ಆಗದು. ಮಾತೂ ಅವನಿಗೆ ಸದ್ದೇ. ಒಂದು ಚಿಟಿಕೆ ಹೊಡೆದರೆ ನೀರು, ಎರಡು ಹೊಡೆದರೆ ಊಟ. ಹೋದ ವರ್ಷ ಅಡುಗೆಮನೆಯಲ್ಲಿ ತಟ್ಟೆಯೊಂದು ಜಾರಿದ ದಿನ ಅಕ್ಕನ ಬಲಗೈಯ ಕಿರುಬೆರಳು ಮುರಿದಿತ್ತು. ತಟ್ಟೆ ಬಿದ್ದದ್ದರಿಂದಲ್ಲ.

ಸುದ್ದಿ ತಿಳಿದ ಅವಳ ತಮ್ಮ ಅಂದು ಪೈಪ್ ರೆಂಚ್ ಹಿಡಿದೇ ಮೆಟ್ಟಿಲು ಹತ್ತಿದ್ದ. ಮೂವತ್ತು ದಾಟಿದ ಆಳು, ಎತ್ತರದ ಕಟ್ಟಡಗಳ ಲಿಫ್ಟುಗಳಿಗೆ ನೇತುಬಿದ್ದು ರಿಪೇರಿ ಮಾಡುವವನು. ಅಕ್ಕನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟ. ಅವಳು ಬಾಗಿಲಲ್ಲೇ ಅವನನ್ನು ತಡೆದು, ಪಿಸುದನಿಯಲ್ಲಿ ಅಂದಿದ್ದಳು: “ನೀನು ಅವರಿಗೆ ಒಂದು ಏಟು ಹಾಕಿದ್ರೆ, ನೀನು ಹೋದ ಮೇಲೆ ಅದೂ ನನಗೇ ಬೀಳುತ್ತೆ ಕಣೋ.” ಆ ಲೆಕ್ಕವನ್ನು ಅವನು ಮನಸ್ಸಿನಲ್ಲೇ ಒಮ್ಮೆ ಕೂಡಿ ನೋಡಿದ್ದ. ರೆಂಚನ್ನು ಚೀಲಕ್ಕೆ ಹಾಕಿಕೊಂಡು ಇಳಿದಿದ್ದ. ಅಂದಿನಿಂದ ಅವನ ಕೈಗಳು ಏನನ್ನೋ ಎತ್ತಲು ಹೋಗಿ ಮರೆತಂತೆ ಇದ್ದವು.

ಈ ಭಾನುವಾರ ಮಧ್ಯಾಹ್ನ ಭಾವನೇ ಫೋನ್ ಮಾಡಿದ. “ಬಾರಯ್ಯ ಇಂಜಿನಿಯರೇ, ನಿನ್ನ ಕೈಗುಣ ಬಂದು ನೋಡು. ಕರೆಂಟು ಹೋಗಿ ಬಂತು, ಮನೆ ಕೆರೆಯಾಗಿದೆ.”

ಹಜಾರದ ಗೋಡೆಗೆ ಒರಗಿ ನಿಂತಿತ್ತು ಭಾವನ ಗಾಜಿನ ಮೀನುತೊಟ್ಟಿ, ಒಬ್ಬ ಮನುಷ್ಯ ಕಾಲುಚಾಚಿ ಮಲಗುವಷ್ಟು ಉದ್ದ. ತಂದಾಗ ಒಂದು ಹಿಂಡೇ ಇತ್ತು. ಈಗ ಉಳಿದದ್ದು ಒಂದೇ, ತೋಳುದ್ದದ ಕಪ್ಪು ಮೀನು. ಮಿಕ್ಕವನ್ನೆಲ್ಲ ಅದೇ ತಿಂದಿತ್ತು. ಬಾಯಿ ತೆರೆದರೆ ಸದ್ದಿಲ್ಲ, ಮುಚ್ಚಿದರೆ ಸದ್ದಿಲ್ಲ. ನಡುವೆ ಒಂದು ಜೀವ ಇಲ್ಲವಾಗುತ್ತಿತ್ತು. ಭಾವ ಅದನ್ನು ‘ಲೀಡರ್’ ಎಂದು ಕರೆಯುತ್ತಿದ್ದ. ಅದನ್ನು ಕಂಡರೆ ಅವನಿಗೆ ಪ್ರಾಣ.

ಕೊಳವೆಗಳನ್ನು ಕೂಡಿಸಿದವನು ಪುಟ್ಟನೇ. ತೊಟ್ಟಿಯ ಮೂಲೆಯಲ್ಲೊಂದು ಕಪ್ಪು ಗಾಜಿನ ಗೂಡು. ತುಳುಕಿದ ನೀರೆಲ್ಲ ಅದರೊಳಗೆ ಬೀಳಬೇಕು. ಗೂಡಿನಲ್ಲಿ ಮೂರು ಕೊಳವೆ. ಮೊದಲನೆಯದು ಸೈಫನ್: ಒಂದು ಗುಳ್ಳೆ ಗಾಳಿಯೂ ಇಲ್ಲದೆ ನೀರನ್ನು ಬಾಯಿತುಂಬ ಎಳೆದು, ತೊಟ್ಟಿಯಡಿಯ ಕಪಾಟಿನೊಳಗಿನ ಕೆಳತೊಟ್ಟಿಗೆ ಮೌನವಾಗಿ ಇಳಿಸುವಂಥದ್ದು. ಅದು ಬಿಟ್ಟ ಚೂರುಪಾರು ಎರಡನೆಯದರಲ್ಲಿ ತೆಳ್ಳಗೆ ಜಾರುತ್ತದೆ. ಮೂರನೆಯದರ ಬಾಯಿ ಎಲ್ಲಕ್ಕಿಂತ ಎತ್ತರ. ಅದು ಸದಾ ಒಣಗಿರಬೇಕು. ಮೊದಲೆರಡು ಕೈಕೊಟ್ಟ ದಿನ ನೀರು ಅಲ್ಲಿಗೇರಿ, ಮನೆಮಂದಿಯೆಲ್ಲ ಓಡಿಬರುವಂತೆ ಭೋರ್ಗರೆಯುತ್ತ ಇಳಿಯಬೇಕು. ಲಿಫ್ಟಿನಲ್ಲಿ ಹಗ್ಗ ಹರಿದ ದಿನ ಮಾತ್ರ ಕಚ್ಚಿಕೊಳ್ಳುವ ಬ್ರೇಕ್ ಒಂದಿರುತ್ತದಲ್ಲ, ಹಾಗೆ. ಕೂಗುವುದೇ ಅದರ ಕೆಲಸ. ಕೆಳಗಿಳಿದ ನೀರನ್ನು ಪಂಪು ಮತ್ತೆ ಮೇಲಕ್ಕೆ ತಳ್ಳುತ್ತದೆ. ಮನೆಯ ರಕ್ತ ಹೀಗೆ ಸುತ್ತುತ್ತಿರುತ್ತದೆ.

ಪುಟ್ಟ ಬಂದಾಗ ಪಂಪು ನಿಂತಿತ್ತು. ನೆಲದ ಮೇಲೆ ಬೆರಳ ದಪ್ಪದ ನೀರು. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಟ್ಟೆಯಿಂದ ನೀರು ಹೀರಿ ಬಕೆಟ್ಟಿಗೆ ಹಿಂಡುತ್ತಿದ್ದಳು. ಹಿಂಡಿದ್ದೂ ಕೇಳಿಸದಂತೆ, ಬಕೆಟ್ಟಿನ ಗೋಡೆಗೆ ತಾಗಿಸಿ. ಪ್ಯಾಂಟು ಮಡಿಚಿ ನಿಂತ ಭಾವನ ಎದೆಯ ಮೇಲೆ ಭಾನುವಾರವೂ ಪೀಪಿ ಹೊಳೆಯುತ್ತಿತ್ತು.

ಪುಟ್ಟ ಕಪಾಟು ತೆರೆದ. ಕೆಳತೊಟ್ಟಿಯ ಗಾಜಿನ ಮೇಲೆ ತಾನೇ ಎಳೆದಿದ್ದ ಗೆರೆಗಿಂತ ನೀರು ಗೇಣುದ್ದ ಮೇಲಿತ್ತು. ಸೈಫನ್ನಿನ ತುದಿ ಆಳದಲ್ಲೆಲ್ಲೋ ಮುಳುಗಿತ್ತು.

“ಇಷ್ಟು ನೀರು ಯಾರು ಹಾಕಿದ್ದು?”

“ನಾನೇ,” ಎಂದ ಭಾವ. “ಆ ಪೈಪು ಗೊಳಗೊಳ ಅಂತಿತ್ತು. ಮುಳುಗಿಸಿದೆ. ಬಾಯಿ ಮುಳುಗಿಸಿದ್ರೆ ಯಾರೇ ಆಗ್ಲಿ ಸುಮ್ಮನಾಗ್ತಾರೆ.”

ಪುಟ್ಟನಿಗೆ ಅರ್ಧ ರೋಗ ಅಲ್ಲೇ ತಿಳಿಯಿತು. ಕರೆಂಟು ಹೋದಾಗ ಸೈಫನ್ನಿನೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಪಂಪು ಮತ್ತೆ ಶುರುವಾದೊಡನೆ ಆ ಗಾಳಿ ಕೆಳತುದಿಯಿಂದ ಹೊರಬೀಳಬೇಕು. ಅದಕ್ಕೇ ತುದಿ ಒಂದಂಗುಲಕ್ಕಿಂತ ಹೆಚ್ಚು ಮುಳುಗಿರಬಾರದು. ಆಳವಾಯಿತೋ, ನೀರು ಎದುರೊತ್ತಿ ಗಾಳಿಯನ್ನು ಗಂಟಲಲ್ಲೇ ಹಿಡಿದುಬಿಡುತ್ತದೆ. ಎರಡನೆಯದೊಂದೇ ಅಷ್ಟು ನೀರನ್ನು ಸಾಗಿಸಲಾರದು.

“ಆದರೂ ಹೊರಗೆ ಚೆಲ್ಲಬಾರದಿತ್ತು ಭಾವ. ಮೂರನೇ ಪೈಪು ಕೂಗಬೇಕಿತ್ತಲ್ಲ?”

“ಹೋದ ವಾರ ಒಂದು ಕ್ಷಣ ಕೂಗ್ತು, ರಾಕ್ಷಸನ ಹಾಗೆ. ನಿಮ್ಮಕ್ಕನಿಗೆ ಒಂದೇ ಮಾತು ಹೇಳಿದೆ, ನಾಳೆಯಿಂದ ಇದು ನನ್ನ ಕಿವಿಗೆ ಬೀಳಬಾರದು ಅಂತ. ಆಮೇಲೆ ತಾನಾಗೇ ತೆಪ್ಪಗಾಯ್ತು.”

ಹೊಸ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಕೈ ನಿಂತಿತು.

ಪುಟ್ಟ ಸ್ಟೂಲು ಹತ್ತಿ ಗೂಡಿನೊಳಗೆ ತೋಳು ಇಳಿಸಿದ. ಮೊದಲ ಬಾಯಿ ಖಾಲಿ. ಎರಡನೆಯದು ಖಾಲಿ. ಮೂರನೆಯದರಲ್ಲಿ ಬೆರಳಿಗೆ ಮೆತ್ತಗಿನದೇನೋ ತಗುಲಿತು. ಮೆಲ್ಲಗೆ ಎಳೆದ. ತಲೆದಿಂಬಿನ ಗವಸಿನಿಂದ ಹರಿದ ತುಂಡು, ನೇರಳೆ ಹೂವಿನದು, ಬಿಗಿಯಾಗಿ ಸುರುಳಿ ಸುತ್ತಿ, ಜಾರದಿರಲೆಂದು ಹೊಲಿಗೆಯನ್ನೂ ಹಾಕಿದ್ದು. ಆ ಹೊಲಿಗೆ ಅವನಿಗೆ ಗೊತ್ತು. ಬಾಲ್ಯದ ಅವನ ಅಂಗಿಗಳ ಮೇಲೆಲ್ಲ ಅದೇ ಇತ್ತು.

ಅವನು ಅಕ್ಕನತ್ತ ನೋಡಿದ. ಅವಳ ಮುಖದಲ್ಲಿ ಭಯವೂ ಕಾಣಲಿಲ್ಲ. ಭಯಕ್ಕೂ ಸದ್ದಾದೀತೆಂದು ಅದನ್ನು ಎಲ್ಲೋ ತುರುಕಿಟ್ಟಂತಿತ್ತು. ಮುಂದೇನಾಗುವುದೆಂದು ಇಬ್ಬರಿಗೂ ಗೊತ್ತಿತ್ತು. ಪುಟ್ಟ ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿ ಪ್ಯಾಂಟಿನ ಜೇಬಿಗಿಳಿಸಿದ.

“ಏನು ಸಿಕ್ತಯ್ಯ?”

“ಪಾಚಿ ಭಾವ. ಬರೀ ಪಾಚಿ.”

“ಪಾಚಿ ಸಿಕ್ಕಿದ್ದಕ್ಕೆ ನಿನ್ನ ಜೇಬು ಯಾಕಯ್ಯ ಅಳ್ತಿದೆ?”

ಜೇಬಿನಿಂದ ನೀರು ತೊಡೆಗುಂಟ ಇಳಿಯುತ್ತಿತ್ತು. ಭಾವ ಕೈಹಾಕಿ ಬಟ್ಟೆಯನ್ನು ಎಳೆದ, ಬಿಡಿಸಿದ, ಬೆಳಕಿಗೆ ಹಿಡಿದ.

“ಅದು ನಾನೇ ಹಾಕಿದ್ದು,” ಎಂದ ಪುಟ್ಟ. “ಪೈಪ್ ಅಂಟಿಸುವಾಗ ಕಸ ಬೀಳದಿರಲಿ ಅಂತ. ತೆಗೆಯೋದು ಮರೆತೆ.”

“ತೊಟ್ಟಿ ಕಟ್ಟಿದ್ದು ಹೋದ ವರ್ಷ. ಈ ಗವಸು ನಾನು ತಂದಿದ್ದು ಹೋದ ತಿಂಗಳು. ಡ್ರಿಲ್ ಮೇಷ್ಟ್ರಿಗೆ ಲೆಕ್ಕ ಬರಲ್ಲ ಅಂದ್ಕೊಂಡ್ಯಾ?” ಭಾವ ನಗುತ್ತಲೇ ಹೊಸ್ತಿಲ ಕಡೆಗೆ ಒಂದು ಚಿಟಿಕೆ ಹೊಡೆದ.

ಅಕ್ಕ ಎದ್ದುಬಂದಳು. ನೀರು ತರಲು ಬರುವವಳಂತೆಯೇ ಬಂದಳು. ಭಾವ ಅವಳ ಎರಡು ಕೈಗಳನ್ನೂ ಹಿಡಿದು, ಬಲಗೈಯ ಸೊಟ್ಟಬೆರಳನ್ನು ಹೆಬ್ಬೆರಳಿನಿಂದ ಸವರಿದ.

“ಇದಕ್ಕೊಂದು ಜೋಡಿ ಬೇಡ್ವಾ?”

“ನೆಲದ ಮೇಲಿರೋದು ನೀವು ಸುರಿದ ನೀರೇ ಭಾವ!” ಪುಟ್ಟನ ದನಿ ಆ ಮನೆಗೆ ಅಳತೆ ಮೀರಿದ್ದು. “ನೀವು ಹೆಚ್ಚಿಗೆ ತುಂಬಿದ್ದನ್ನೇ ಪಂಪು ಮೇಲೆ ತಂದು ಚೆಲ್ಲಿದ್ದು. ಸೈಫನ್ನಿನ ಉಸಿರು ಕಟ್ಟಿಸಿದ್ದು ನೀವು. ಅವಳ ಕೈ ಬಿಡಿ.”

ಹಸಿಕಡ್ಡಿ ಮುರಿದಷ್ಟೇ ಸದ್ದಾಯಿತು. ಅಕ್ಕ ತುಟಿಯನ್ನು ಹಲ್ಲಿನಲ್ಲಿ ಕಚ್ಚಿದಳು. ತುಟಿಯಿಂದ ರಕ್ತ ಬಂತು, ದನಿ ಬರಲಿಲ್ಲ.

ಒಂದು ವರ್ಷ ಕಾಪಾಡಿಕೊಂಡು ಬಂದ ಲೆಕ್ಕ ಪುಟ್ಟನ ತಲೆಯಿಂದ ಅಳಿಸಿಹೋಯಿತು. ಚೀಲದ ರೆಂಚು ಕೈಗೆ ಬಂದದ್ದು ಯಾವಾಗಲೋ. ಸ್ಟೂಲಿನಿಂದ ಹಾರಿದವನೇ ಭಾವನ ಹೆಗಲಿಗೆ ಬೀಸಿದ. ಮೂಳೆಗೆ ಕಬ್ಬಿಣ ತಗುಲಿದ ಜುಮ್ಮು ಅವನ ಮೊಣಕೈವರೆಗೆ ಹತ್ತಿತು. ಭಾವ ತತ್ತರಿಸಿ ತೊಟ್ಟಿಗೆ ಒರಗಿದ. ಗಾಜಿನಾಚೆ ಕಪ್ಪು ಮೀನು ಹೊರಳಿತು. ಎರಡನೆಯ ಏಟು ಬೀಳಲಿಲ್ಲ. ಒದ್ದೆನೆಲದಲ್ಲಿ ಪುಟ್ಟನ ಕಾಲು ಜಾರಿತು, ಭಾವನ ಮುಷ್ಟಿ ಮೂಗಿನ ಮೇಲೆ ಬಂತು, ರೆಂಚು ಎಲ್ಲೋ ಹೋಗಿ ಬಿತ್ತು. ಮರುಕ್ಷಣ ಬೆನ್ನ ಮೇಲೆ ಮೊಣಕಾಲು, ಕತ್ತಿನ ಮೇಲೆ ಗಂಟುಗಂಟಾದ ಕೈ. ಭಾವ ಅವನನ್ನು ನೆಲದಗುಂಟ ಎಳೆದುಕೊಂಡು ಹೋಗಿ ಕಪಾಟಿನೊಳಗೆ, ಕೆಳತೊಟ್ಟಿಯೊಳಗೆ, ತಲೆಯನ್ನು ಅದುಮಿದ.

ಲೋಕ ಥಟ್ಟನೆ ಮೌನವಾಯಿತು. ಕಣ್ಣೆದುರು ಸೈಫನ್ನಿನ ತುದಿ. ಅದರ ಸುತ್ತ ಅವನದೇ ಮೂಗಿನ ರಕ್ತ ಹೊಗೆಯಂತೆ ಅರಳುತ್ತಿತ್ತು. ಎಷ್ಟು ಚೆಂದಾಗಿ ಕತ್ತರಿಸಿದ್ದೆ ಇದನ್ನು, ಅಂದುಕೊಂಡ. ಎದೆಯೊಳಗಿನ ಗಾಳಿ ಹೊರದಾರಿ ಹುಡುಕಿ ಗಂಟಲಿಗೆ ಬಂದು ಬಡಿಯುತ್ತಿತ್ತು. ಕೈಗಳು ಗಾಜನ್ನು ಗೀಚಿ ಸೋತವು.

ಆಗ ನೀರು ಗುಂಯ್‌ಗುಟ್ಟಿತು. ಅಕ್ಕ ಪಂಪಿನ ಸ್ವಿಚ್ಚು ಹಾಕಿದ್ದಳು.

ನೀರು ಮೇಲೇರಿತು, ಗೂಡಿಗೆ ತುಳುಕಿತು. ಸೈಫನ್ನು ಉಸಿರು ಸಿಕ್ಕಿಸಿಕೊಂಡು ನಿಂತಿತು. ನೀರು ಇನ್ನೂ ಏರಿ, ಬಾಯಿ ಬಿಚ್ಚಿದ ಮೂರನೆಯ ಕೊಳವೆಗೆ ನುಗ್ಗಿತು. ವರ್ಷಗಳಿಂದ ಒಂದು ಚಮಚದ ದನಿಯನ್ನೂ ಸಹಿಸದ ಆ ಗೋಡೆಗಳು ಅದುರುವಂತೆ ಕೊಳವೆ ಕೂಗಿತು. ನೀರಿನೊಳಗಿದ್ದ ಪುಟ್ಟನಿಗೂ ಅದು ಕೇಳಿಸಿತು.

“ನಿಲ್ಸೇ ಅದನ್ನ!” ಭಾವ ಒಂದು ಕೈಯಿಂದ ಕತ್ತನ್ನು ಒತ್ತಿಕೊಂಡೇ, ಇನ್ನೊಂದನ್ನು ಮೇಲೆತ್ತಿ ಚಿಟಿಕೆ ಹೊಡೆದ. ಒಂದು. ಎರಡು.

ಅಕ್ಕ ಬಂದಳು. ಹಿಂದಿನಿಂದ ಅವನ ಕೊರಳಿನ ಪೀಪಿಯ ದಾರವನ್ನು ಹಿಡಿದಳು, ಮರದ ಸೌಟಿನ ಹಿಡಿಯನ್ನು ಅದರೊಳಗೆ ತೂರಿಸಿದಳು, ಒದ್ದೆ ಬಟ್ಟೆ ಹಿಂಡುವಂತೆ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು.

ಕತ್ತಿನ ಮೇಲಿನ ಭಾರ ಇಳಿದಾಗ ಪುಟ್ಟ ತಲೆ ಎತ್ತಿ, ನೀರನ್ನೂ ರಕ್ತವನ್ನೂ ಕಾರಿದ. ಕಣ್ಣು ತಿಳಿಯಾದಾಗ ಕಂಡದ್ದು: ನೆಲಕ್ಕೆ ಮಂಡಿಯೂರಿದ ಭಾವ, ಗವಸಿನ ಹೂವಿಗಿಂತ ಗಾಢ ನೇರಳೆಗೆ ತಿರುಗಿದ ಅವನ ಮುಖ, ದಾರವನ್ನು ಕೀಳಲಾರದೆ ತನ್ನ ಚರ್ಮವನ್ನೇ ಗೀರಿಕೊಳ್ಳುತ್ತಿದ್ದ ಉಗುರುಗಳು, ಹಿಂದೆ, ಅವನ ಬೆನ್ನಿಗೆ ಮೊಣಕಾಲು ಕೊಟ್ಟು ನಿಂತ ಅಕ್ಕ.

“ಅಕ್ಕಾ! ಸಾಕು!”

ಕೊಳವೆಯ ಆರ್ಭಟದಲ್ಲಿ ಅವಳಿಗೆ ಕೇಳಿಸಲಿಲ್ಲ; ಅಥವಾ ಕೇಳಿಸಿತೇನೋ.

“ಸತ್ತೋಗ್ತಾರೆ ಕಣೇ, ಬಿಡು!”

“ಸಾಯ್ಲಿ!” ಅಕ್ಕ ಕಿರುಚಿದಳು. ಎಷ್ಟೋ ಕಾಲದ ಮೇಲೆ ಕೇಳಿದ ಅವಳ ದನಿ. ಅದಿಷ್ಟು ದೊಡ್ಡದಿತ್ತೆಂಬುದನ್ನೇ ಪುಟ್ಟ ಮರೆತಿದ್ದ.

ಸೌಟಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು, ಮುರಿದದ್ದಕ್ಕೆ ತಾಗದಂತೆ. “ಇವರಿಗೋಸ್ಕರ ನೀನು ಜೈಲಿಗೆ ಹೋಗಬೇಡ ಅಕ್ಕ. ಅದು ಇದಕ್ಕಿಂತ ಸದ್ದಿಲ್ಲದ ಮನೆ.” ಕೊನೆಯ ಬೆರಳು ಸಡಿಲಿತು. ಭಾವ ಪಕ್ಕಕ್ಕೆ ಉರುಳಿದ. ಗಾಳಿ ಸಿಕ್ಕಿಕೊಂಡ ಕೊಳವೆಯಂತೆ ಅವನ ಗಂಟಲು ಗೊಳಗುಟ್ಟುತ್ತ, ನಿಲ್ಲುತ್ತ, ಮತ್ತೆ ಗೊಳಗುಟ್ಟುತ್ತ ಉಸಿರು ಹಿಡಿಯಿತು.

ಯಾರೋ ಬಾಗಿಲು ಬಡಿಯುತ್ತಿದ್ದರು. ಅಕ್ಕ ಹೋಗಿ ತೆರೆದಳು. ಕೆಳಮನೆಯ ಅಜ್ಜಿ, ಭುಜದ ಮೇಲೆ ತಮ್ಮ ಚಾವಣಿಯಿಂದ ತೊಟ್ಟಿಕ್ಕಿದ ನೀರು.

“ಏನಮ್ಮಾ ಇದು, ನನ್ನ ಮನೇಲಿ ಮಳೆ, ನಿಮ್ಮನೇಲಿ ಸಿಡಿಲು…” ಅಜ್ಜಿಯ ಕಣ್ಣು ಅಕ್ಕನ ತುಟಿಯಿಂದ ಕೈಗೆ, ಕೈಯಿಂದ ನೆಲದ ಮೇಲಿದ್ದವನಿಗೆ ಇಳಿಯಿತು.

“ಇವರು ನನ್ನ ಬೆರಳು ಮುರಿದ್ರು ಅಜ್ಜಿ,” ಅಕ್ಕ ಕೊಳವೆಗಿಂತ ಮೇಲೆ ಕೂಗಿ ಹೇಳಿದಳು. “ಹೋದ ವರ್ಷದ್ದೂ ಇವರೇ ಮುರಿದಿದ್ದು. ನನ್ನ ತಮ್ಮನ್ನ ಮುಳುಗಿಸಿ ಸಾಯಿಸೋಕೆ ಹೋದ್ರು. ನಾನು ಇವರ ಕತ್ತು ಹಿಸುಕಿದೆ.”

“ಅಯ್ಯೋ ಮಗಳೇ, ನಿಮ್ಮನೆಯಿಂದ ಏನೂ ಕೇಳಿಸ್ತಾನೇ ಇರಲಿಲ್ವಲ್ಲೇ!”

“ಈಗ ಕೇಳಿಸ್ತಿದೆಯಲ್ಲ.”

ಪುಟ್ಟ, ಕೈಗಂಟಿದ ಅಭ್ಯಾಸದಿಂದ, ಚೀಲದ ಗರಗಸ ತೆಗೆದು ಕಪಾಟಿನ ಮುಂದೆ ಕೂತಿದ್ದ. ಸೈಫನ್ನಿನ ತುದಿಯನ್ನು ಗೇಣುದ್ದ ಕತ್ತರಿಸಿದರೆ ಸಾಕು. ಗಾಳಿ ಹೊರಬೀಳುತ್ತದೆ, ನೀರು ಹಿಡಿಯುತ್ತದೆ, ಮನೆ ಮತ್ತೆ ಮೌನವಾಗುತ್ತದೆ.

“ಬೇಡ ಪುಟ್ಟ,” ಎಂದಳು ಅಕ್ಕ. “ಕೂಗ್ಲಿ ಬಿಡು.”

ಅವನು ಗರಗಸವನ್ನು ಚೀಲಕ್ಕೆ ಹಾಕಿದ. ಅಜ್ಜಿ ತಮ್ಮ ಸೆರಗನ್ನೇ ಹರಿದು ಅಕ್ಕನ ಬೆರಳಿಗೆ ಸುತ್ತಿದರು. ಮೂವರೂ ಮೆಟ್ಟಿಲಿಳಿದರು, ಬಾಗಿಲನ್ನು ಹಾಗೇ ತೆರೆದಿಟ್ಟು. ಒಂದೊಂದು ಮಹಡಿಯಲ್ಲೂ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಮುಖಗಳು ಮೇಲಕ್ಕೆ ನೋಡುತ್ತಿದ್ದವು.

ಮೇಲೆ, ನೀರು ನಿಂತ ನೆಲದ ಮೇಲೆ, ದನಿ ಕಳೆದುಕೊಂಡ ಮನುಷ್ಯನೊಬ್ಬ ಕೈಯೆತ್ತಿ ಚಿಟಿಕೆ ಹೊಡೆಯುತ್ತಿದ್ದ. ಒದ್ದೆಬೆರಳುಗಳು ಒಂದರ ಮೇಲೊಂದು ಜಾರುತ್ತಿದ್ದವು. ಸದ್ದು ಹುಟ್ಟಲಿಲ್ಲ.