ಗೇಟ್ ತೆರೆಯುವವರು

ಆ ಗ್ಯಾರೇಜಿನಲ್ಲಿ ‘ಬ್ರೇಕ್ ಡಾಕ್ಟರ್’ ಅಂದರೆ ಒಬ್ಬನೇ. ಹಾಗೆ ಕರೆದವರು ವೇಗದ ಕಾರುಗಳ ಹುಚ್ಚು ಹತ್ತಿಸಿಕೊಂಡ ಗಿರಾಕಿಗಳು. ಪೆಡಲಿನ ಮೇಲೆ ಒಮ್ಮೆ ಕಾಲಿಟ್ಟರೆ ಸಾಕು, ಯಾವ ಚಕ್ರದ ಬ್ರೇಕ್ ಪ್ಯಾಡ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಇಪ್ಪತ್ತೆಂಟು ವರ್ಷದ ಅನುಭವ. ಆದರೆ ಬಿರುದು ತಲೆಗೇರಿತ್ತು ಅನ್ನುವುದನ್ನೂ ಹೇಳಲೇಬೇಕು. ಈಗಿನ ಗಿರಾಕಿಗಳು ಮೊಬೈಲಿನಲ್ಲಿ ಎಲ್ಲ ನೋಡಿಕೊಂಡು ಬರುತ್ತಾರೆ. ಅವರ ಎದುರು ಹಳೇ ಕಾಲದವನಂತೆ ಕಾಣುವುದೆಂದರೆ ಅವನಿಗೆ ಜೀವ ಹೋದಷ್ಟು ಸಂಕಟ.

ಒಂದು ಬೆಳಿಗ್ಗೆ ಹೊಸ ಬ್ರೇಕ್ ಹಾಕಿಸಲು ಬೂದು ಬಣ್ಣದ ಕಾರೊಂದು ಬಂತು. ಓಡಿಸುತ್ತಿದ್ದವನಿಗೆ ಮೂವತ್ತು ದಾಟಿತ್ತು. ಪಕ್ಕದಲ್ಲಿ ಅವನ ಅಪ್ಪ. ಮೂವತ್ತನಾಲ್ಕು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಬೇಡವೆಂದರೂ ಕೇಳದೆ ಹತ್ತಿ ಕೂತಿದ್ದರಂತೆ. ಮಗನ ಮುಖ ನೋಡಿದರೇ ಅದು ಗೊತ್ತಾಗುತ್ತಿತ್ತು.

ಚಕ್ರದ ಜೊತೆ ತಿರುಗುವ ದೊಡ್ಡ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕೆಂಪು ಕ್ಯಾಲಿಪರ್, ಇವೆಲ್ಲ ಮೊದಲೇ ನಿಗದಿಯಾಗಿದ್ದವು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಉಳಿದದ್ದು ಡಿಸ್ಕಿಗೆ ಒತ್ತಿ ಕಾರನ್ನು ನಿಲ್ಲಿಸುವ ಪ್ಯಾಡ್. ಡಾಕ್ಟರ್ ಬೆಂಚಿನ ಮೇಲೆ ಎರಡು ಡಬ್ಬಿ ಇಟ್ಟ. ಬಿಳಿ ಡಬ್ಬಿಯಲ್ಲಿ ರಸ್ತೆಗೆಂದು ಮಾಡಿದ ಪ್ಯಾಡ್, ಕಪ್ಪು ಡಬ್ಬಿಯಲ್ಲಿ ರೇಸಿಗೆಂದು ಮಾಡಿದ್ದು. ಮಗನ ಕೈ ನೇರ ಕಪ್ಪು ಡಬ್ಬಿಗೆ ಹೋಯಿತು.

“ಇದು ಕಾದಷ್ಟೂ ಚೆನ್ನಾಗಿ ಹಿಡಿಯೋದಲ್ವಾ ಮೇಸ್ತ್ರಿ?” ಎಂದು ಅಪ್ಪ ಕೇಳಿದರು.

“ಹೌದು ಯಜಮಾನ್ರೇ. ಕೆಂಪಗೆ ಕಾದ್ರೂ ಕೈ ಕೊಡಲ್ಲ.”

“ಕಾಯೋಕೆ ಮುಂಚೆ?”

ಡಾಕ್ಟರ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳತೊಡಗಿದ. ಉತ್ತರ ಅವನಿಗೆ ಗೊತ್ತಿತ್ತು. ಚಳಿಯಲ್ಲಿ ನಿಂತ ಕಾರಿನಲ್ಲಿ ಆ ಪ್ಯಾಡ್ ಸರಿಯಾಗಿ ಕಚ್ಚುವುದಿಲ್ಲ, ನಾಲ್ಕಾರು ಸಲ ಒತ್ತಿ ಬಿಸಿ ಮಾಡಿದ ಮೇಲೇ ಅದರ ಆಟ.

“ಅಪ್ಪಾ, ಸುಮ್ನಿರಿ,” ಎಂದ ಮಗ. “ತಿಂಗಳಿಗೊಂದ್ಸಲ ರೇಸ್ ಟ್ರ್ಯಾಕಿಗೆ ಹೋಗ್ತೀನಿ. ಅಲ್ಲಿ ಸಾದಾ ಪ್ಯಾಡ್ ನಾಲ್ಕೇ ಸುತ್ತಿನಲ್ಲಿ ಸುಟ್ಟು ಹೊಗೆ ಬರುತ್ತೆ. ಆಗ ಗೋಡೆಗೆ ಹೋಗಿ ಬಡಿಯೋನು ನಾನು.”

“ಟ್ರ್ಯಾಕು ತಿಂಗಳಿಗೊಂದ್ಸಲ. ನಮ್ಮನೆ ಇಳಿಜಾರು ದಿನಾ ಬೆಳಿಗ್ಗೆ ಇದೆಯಲ್ಲಪ್ಪಾ. ಅಲ್ಲಿಗೆ ಹೋಗೋ ದಿನ ಇದನ್ನ ಹಾಕ್ಕೋ, ಬಂದ್ಮೇಲೆ ಬಿಚ್ಚು.”

“ಪ್ರತೀ ಸಲ ಬಿಚ್ತಾ ಹಾಕ್ತಾ ಕೂರೋಕಾಗುತ್ತಾ? ನಂಗೆ ಬೇರೆ ಕೆಲಸ ಇಲ್ವಾ?”

ಇಬ್ಬರೂ ಡಾಕ್ಟರ್ ಕಡೆ ತಿರುಗಿದರು. ಅಕ್ಕಪಕ್ಕದ ಕಾರುಗಳ ಹತ್ತಿರ ನಿಂತಿದ್ದ ಮೂರ್ನಾಲ್ಕು ಗಿರಾಕಿಗಳೂ ಇತ್ತಲೇ ನೋಡುತ್ತಿದ್ದರು. ಮುದುಕರು ಹೇಳಿದ್ದೇ ಸರಿ ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಆದರೆ ಅಷ್ಟು ಜನರ ಮುಂದೆ ಬಸ್ ಡ್ರೈವರ್ ಪಕ್ಷ ವಹಿಸುವುದು ಹೇಗೆ?

“ಯಜಮಾನ್ರೇ,” ಎಂದ ಡಾಕ್ಟರ್, “ಇದು ಬಸ್ಸಲ್ಲ.”

ಎಲ್ಲರೂ ಗೊಳ್ಳೆಂದು ನಕ್ಕರು. ಮಗನೂ ನಕ್ಕ. ಅಪ್ಪ ತಾವೂ ನಗಲು ನೋಡಿದರು, ಮುಖ ಮಾತ್ರ ಸಣ್ಣದಾಗಿಹೋಯಿತು. “ಸರಿ ಬಿಡಿ. ನಿಮಗೆ ಗೊತ್ತಿರುತ್ತೆ,” ಎಂದು ಹೋಗಿ ಕಾರಿನಲ್ಲಿ ಕೂತುಬಿಟ್ಟರು. ಬಿಳಿ ಡಬ್ಬಿ ಡಿಸ್ಕು, ಕ್ಯಾಲಿಪರಿನ ಕಿಟ್ಟಿನ ಜೊತೆ ಬಂದದ್ದು, ಗಿರಾಕಿಯ ಸೊತ್ತು. ಗ್ಯಾರೇಜಿನ ಪದ್ಧತಿಯಂತೆ ಡಾಕ್ಟರ್ ಅದರ ಮೇಲೆ ಕಾರಿನ ನಂಬರ್ ಬರೆದು ಬೆಂಚಿನ ಕೆಳಗೆ ಸರಿಸಿದ.

ಆ ಮನೆಯಲ್ಲಿ ಅಪ್ಪ ಮಗನ ನಡುವೆ ಒಂದು ಆಟವಿತ್ತು. ಕಾರು ನಿಲ್ಲಿಸುವ ಜಾಗ ಮೇಲೆ, ಗೇಟು ಕೆಳಗೆ, ನಡುವೆ ಕಡಿದಾದ ಇಳಿಜಾರು. ದಿನಾ ಬೆಳಿಗ್ಗೆ ಗೇಟ್ ತೆರೆಯುವುದು ಅಪ್ಪನ ಕೆಲಸ. ಮಗ ಮೇಲಿನಿಂದ ರೊಯ್ಯನೆ ಬಂದು ಅಪ್ಪನ ಮಂಡಿಗೆ ಗೇಣುದ್ದ ದೂರದಲ್ಲಿ ಗಕ್ಕನೆ ನಿಲ್ಲಿಸಬೇಕು. ಅಪ್ಪ ಬಾನೆಟ್ಟಿಗೊಂದು ಏಟು ಕೊಟ್ಟು, “ಥೂ ಕತ್ತೆ,” ಅನ್ನಬೇಕು. ಮಗನ ಮೊದಲ ಕಾರಿನಿಂದ ನಡೆದು ಬಂದ ಆಟ ಅದು. ಮನೆಯ ಹೆಂಗಸರು ಎಷ್ಟು ಬೈದರೂ ಬಿಟ್ಟಿರಲಿಲ್ಲ.

ಹೊಸ ಬ್ರೇಕ್ ಹಾಕಿಸಿದ ಒಂಬತ್ತನೇ ದಿನ ವಿಪರೀತ ಚಳಿ. ಡಿಸ್ಕಿನ ಮೇಲೆಲ್ಲ ಇಬ್ಬನಿ. ಮಗ ಎಂದಿನ ಜಾಗದಲ್ಲೇ ಪೆಡಲ್ ಒತ್ತಿದ. ಕಾಲಡಿಯಲ್ಲಿ ಕಲ್ಲು ತುಳಿದಂತಾಯಿತೇ ಹೊರತು ಕಾರು ಮಾತು ಕೇಳಲಿಲ್ಲ. ಅಪ್ಪ ನಗುತ್ತಲೇ ನಿಂತಿದ್ದರಂತೆ. ಆಸ್ಪತ್ರೆಯಲ್ಲಿ ಅವರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಸುದ್ದಿ ತಂದವನು ಗ್ಯಾರೇಜಿನ ಮಾಲೀಕ. ಡಾಕ್ಟರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

“ಹೆದರಬೇಡ,” ಎಂದ ಮಾಲೀಕ. “ನಮಗೇನೂ ತೊಂದರೆ ಇಲ್ಲ. ಆ ಯಜಮಾನ್ರೇ ಬಂದವರಿಗೆಲ್ಲ ಹೇಳ್ತಿದ್ದಾರಂತೆ, ಕಾಲು ಜಾರ್ತು, ನಾನೇ ಅಡ್ಡ ಬಿದ್ದೆ ಅಂತ. ಮಗನೂ ಅದನ್ನೇ ಹೇಳ್ತಾನೆ. ನಾವ್ಯಾಕೆ ಮೈಮೇಲೆ ಎಳ್ಕೋಬೇಕು?”

ಬದುಕಿದೆ ಅನ್ನಿಸಿತು ಡಾಕ್ಟರಿಗೆ. ನಿಜ ಹೇಳಬೇಕೆಂದರೆ ಆ ದಿನ ಹೊಟ್ಟೆ ತುಂಬ ಊಟವನ್ನೂ ಮಾಡಿದ. ಎರಡು ವಾರ ಕಳೆದ ಮೇಲೆ ಯಾವುದೋ ಸ್ಪ್ಯಾನರ್ ಹುಡುಕಲು ಬೆಂಚಿನ ಕೆಳಗೆ ಬಗ್ಗಿದಾಗ ಬಿಳಿ ಡಬ್ಬಿ ಸಿಕ್ಕಿತು. ನಂಬರ್ ಅವನದೇ ಕೈಬರಹ. ಅದನ್ನು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟ.

ಮುಂದಿನ ಭಾನುವಾರ ಡಬ್ಬಿ, ಜ್ಯಾಕು, ಸ್ಪ್ಯಾನರ್ ಚೀಲ ಹೊತ್ತು ಆ ಮನೆಗೆ ಹೋದ. ಅಪ್ಪ ಜಗಲಿಯ ಕುರ್ಚಿಯಲ್ಲಿದ್ದರು. ಪ್ಯಾಂಟಿನ ಒಂದು ಕಾಲನ್ನು ಮಡಚಿ ಪಿನ್ನು ಚುಚ್ಚಿದ್ದರು. ಮಗ ಬಾಗಿಲಿಗೆ ಒರಗಿ ನಿಂತಿದ್ದ. ಅವತ್ತಿನಿಂದ ಕಾರು ಮುಟ್ಟಿರಲಿಲ್ಲ.

“ಯಜಮಾನ್ರೇ, ಅವತ್ತು ನೀವೊಂದು ಪ್ರಶ್ನೆ ಕೇಳಿದ್ರಿ. ನಾನು ಉತ್ತರ ಕೊಡಲಿಲ್ಲ,” ಎಂದ ಡಾಕ್ಟರ್. “ಕಾಯೋಕೆ ಮುಂಚೆ ಅದು ಸರಿಯಾಗಿ ಹಿಡಿಯಲ್ಲ. ಕಾಲು ಜಾರಿದ್ದು ಅಂತ ಹೇಳಬೇಡಿ. ಯಾರ ಮುಂದೆ ಬೇಕಾದ್ರೂ ಬಂದು ನಾನು ಹೇಳ್ತೀನಿ.”

ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿದರು. “ಅವತ್ತೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ನಗಿಸಿದೆಯಲ್ಲೋ.”

ಮಗ ಒರಗಿದ್ದವನು ಸೆಟೆದು ನಿಂತ. “ಗೊತ್ತಿದ್ರೆ ಬಾಯಿಬಿಟ್ಟು ಹೇಳೋಕೇನಾಗಿತ್ತು? ನಂಗೊಂದು ಮಾತು ಹೇಳಬಾರದಿತ್ತಾ?”

“ನಾನು ಹೇಳಿದ್ನಲ್ಲಪ್ಪಾ,” ಎಂದರು ಅಪ್ಪ.

ಮಗ ಮೆಟ್ಟಿಲ ಮೇಲೆ ಕುಸಿದು ಕೂತ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ.

ಡಾಕ್ಟರ್ ಚಕ್ರ ಬಿಚ್ಚಿದ, ರೇಸಿನ ಪ್ಯಾಡ್ ತೆಗೆದು ಬಿಳಿ ಡಬ್ಬಿಯದನ್ನು ಕೂರಿಸಿದ. ಬೀದಿಯಲ್ಲಿ ಹತ್ತಾರು ಸಲ ನಿಲ್ಲಿಸಿ ಹೊರಡಿಸಿ ಹೊಸ ಪ್ಯಾಡನ್ನು ಪಳಗಿಸಿದ. ಕಾರನ್ನು ಮತ್ತೆ ಮೇಲೆ ತಂದು ಅದು ತಣ್ಣಗಾಗುವ ತನಕ ಕಾದ. ಆಮೇಲೆ ಇಳಿಜಾರು ಇಳಿದು, ಗೇಟ್ ತೆರೆದು, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ.

“ಈಗ ಇಳಿಸಿ ಸರ್.”

“ನನ್ನ ಕೈಲಾಗಲ್ಲ.”

“ಇಳಿಸು,” ಎಂದರು ಅಪ್ಪ ಕುರ್ಚಿಯಿಂದ. “ನಿಂತಿದ್ದಾನಲ್ಲ, ನಿಲ್ಲಲಿ.”

ಕಾರು ಹೊರಟಿತು. ಪುಟ್ಟ ಮಗು ಮೆಟ್ಟಿಲಿಳಿಯುವ ಹಾಗೆ ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಬಂತು. ಆದರೂ ಡಾಕ್ಟರಿಗೆ ಪಕ್ಕಕ್ಕೆ ಸರಿಯಬೇಕೆನ್ನಿಸಿತು, ಸರಿಯಲಿಲ್ಲ. ಹತ್ತು ಹೆಜ್ಜೆ ದೂರದಲ್ಲೇ ಕಾರು ನಿಂತಿತು. ಮಗ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅಳುತ್ತಿದ್ದ.

“ಇಷ್ಟು ನಿಧಾನಕ್ಕೆ ಬಂದಿದ್ರೆ ಆ ಕಪ್ಪು ಡಬ್ಬೀದೂ ಹಿಡೀತಿತ್ತು,” ಎಂದರು ಅಪ್ಪ. “ಬಾ ಅಂತ ಕರೀತಿದ್ದೋನು ನಾನೇ. ಯಾರಿಗೇನು ಹೇಳೋದು.”

ಡಾಕ್ಟರ್ ಚೀಲ ಹೆಗಲಿಗೇರಿಸಿ ಜಗಲಿಯ ಕೆಳಗೆ ಬಂದು ಕೈಮುಗಿದ. “ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ ಯಜಮಾನ್ರೇ.”

“ಮಗನದ್ದನ್ನ ಹಾಕ್ಕೊಂಡಾಗಿದೆ. ನಿಂದಕ್ಕೆ ಜಾಗ ಇಲ್ಲ,” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಗ್ತಾ ಗೇಟ್ ಹಾಕ್ಕೊಂಡು ಹೋಗು. ಎದ್ದು ಹಾಕೋಕೆ ನಂಗಾಗಲ್ಲ.”

ಸೋಮವಾರ ಗ್ಯಾರೇಜಿಗೆ ಹೊಸ ಗಿರಾಕಿಯೊಬ್ಬ ಬಂದ. ಹಳದಿ ಕಾರು, ಕಪ್ಪು ಕನ್ನಡಕ. “ಡಾಕ್ಟ್ರೇ, ಆ ಕಪ್ಪು ಡಬ್ಬಿ ಪ್ಯಾಡೇ ಬೇಕು. ಎಲ್ಲಾ ಓದ್ಕೊಂಡೇ ಬಂದಿದ್ದೀನಿ,” ಎಂದ. ಮಾಲೀಕ ಕಪಾಟಿನತ್ತ ನಡೆದೂ ಆಗಿತ್ತು.

ಡಾಕ್ಟರ್ ಕೈ ಒರೆಸಿಕೊಳ್ಳಲಿಲ್ಲ. “ಕೊಡೋಣ ಸರ್. ಮೊದಲು ಒಂದು ಹೇಳಿ. ನಿಮ್ಮನೇಲಿ ಬೆಳಿಗ್ಗೆ ಗೇಟ್ ಯಾರು ತೆರೀತಾರೆ?”

ಗಿರಾಕಿ ಇದೇನೋ ತಮಾಷೆ ಎಂದುಕೊಂಡು ನಕ್ಕ. ಸುತ್ತ ನಿಂತವರೂ ನಕ್ಕರು. ಆ ನಗು ನಿಲ್ಲುವವರೆಗೂ ಡಾಕ್ಟರ್ ಕಾದು, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದ.